ಮೌಸ್ ಕೊಟ್ಟ ಮೇಲೆ ಕ್ಲಿಕ್ ಯಾರದ್ದು?

ಈಗ ಎಐ ಏಜೆಂಟ್‌ಗಳು ನಮ್ಮ ಪರವಾಗಿ ಮೌಸ್ ಓಡಿಸ್ತಿವೆ, ಆದ್ರೆ ಯಾರೂ ಮುಟ್ಟದೇ ಕರ್ಸರ್ ಓಡಾಡೋದು ನಮ್ಮ ಕೆಲಸದೋರಿಗೆ ಹೊಸದಲ್ಲ. ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡೋನು, ಮನುಷ್ಯ ಮಾಡೋ ಕ್ಲಿಕ್ಕನ್ನ ಪ್ರೋಗ್ರಾಂ ಕೈಲಿ ಮಾಡಿಸೋದೇ ನಮ್ಮ ಅರ್ಧ ದಿನದ ಕೆಲಸ. ಇದಕ್ಕೆ ಅಂತಲೇ ಟೂಲ್‌ಗಳಿವೆ, ಬ್ರೌಸರ್‌ಗೆ ಸೆಲೆನಿಯಂ 2004ರಿಂದ ಇದೆ, ವಿಂಡೋಸಲ್ಲಿ ಆಟೋಹಾಟ್‌ಕೀ, ಲಿನಕ್ಸಲ್ಲಿ ಎಕ್ಸ್‌ಡೂಟೂಲ್, ಪೈಥಾನ್ ಗೊತ್ತಿರೋರಿಗೆ ಪೈಆಟೋಗೂಯಿ. ಎಂಐಟಿಯಲ್ಲಿ ಹುಟ್ಟಿದ ಸಿಕುಲಿ ಅಂತ ಒಂದಿತ್ತು, ಅದಕ್ಕೆ ಬಟನ್‌ದೊಂದು ಚಿಕ್ಕ ಚಿತ್ರ ಕೊಟ್ರೆ ಸಾಕು, ಸ್ಕ್ರೀನ್ ಪೂರ್ತಿ ಹುಡುಕಿ ಅದೇ ಥರ ಕಾಣೋ ಜಾಗ ಸಿಕ್ಕಿದ ತಕ್ಷಣ ಅಲ್ಲಿ ಒತ್ತೋದು. ಇವೆಲ್ಲದರಲ್ಲೂ ಎಲ್ಲಿ ಒತ್ತಬೇಕು, ಯಾವಾಗ ಒತ್ತಬೇಕು ಅನ್ನೋದನ್ನ ಮೊದಲೇ ಕೂತು ಬರೆದಿಟ್ಟಿರೋನು ಮನುಷ್ಯ. ಬಟನ್‌ದು ಜಾಗನೋ, ಹೆಸರೋ, ರೂಪನೋ ಬದಲಾದ್ರೆ ಆ ಬರೆದಿಟ್ಟ ಸ್ಕ್ರಿಪ್ಟ್ ಬಿದ್ದುಹೋಗೋದು, ಬೆಳಿಗ್ಗೆ ಬಂದು ನೋಡಿದ್ರೆ ರಿಪೋರ್ಟ್ ಪೂರ್ತಿ ಕೆಂಪು. ನಮಗೆ ಅದು ಕಿರಿಕಿರಿ, ಆದ್ರೆ ಈಗ ಯೋಚನೆ ಮಾಡಿದ್ರೆ ಆ ಬಿದ್ದುಹೋಗೋ ಗುಣದಲ್ಲೇ ಒಂದು ಕಾವಲು ಇತ್ತು ಅನ್ಸುತ್ತೆ, ಗೊತ್ತಿಲ್ಲದ್ದು ಎದುರಿಗೆ ಬಂದ್ರೆ ಅದು ನಿಂತುಬಿಡ್ತಿತ್ತು.

2024ರ ಅಕ್ಟೋಬರ್ 22ಕ್ಕೆ ಆಂಥ್ರೊಪಿಕ್ ಅನ್ನೋ ಎಐ ಕಂಪನಿಯೋರು ತಮ್ಮ ಕ್ಲಾಡ್ ಅನ್ನೋ ಎಐಗೆ, ತಾನೇ ಸ್ಕ್ರೀನ್ ನೋಡಿ ಮೌಸು ಕೀಬೋರ್ಡು ಆಡಿಸೋ ‘ಕಂಪ್ಯೂಟರ್ ಯೂಸ್’ ಅಂತ ಬೀಟಾ, ಅಂದ್ರೆ ಪರೀಕ್ಷಾ ಆವೃತ್ತಿ, ಬಿಟ್ರು. 2025ರ ಜನವರಿ 23ಕ್ಕೆ ಓಪನ್‌ಎಐದು ಆಪರೇಟರ್ ಬಂತು, ಅದೇ ವರ್ಷ ಜುಲೈನಲ್ಲಿ ಅದನ್ನ ಚಾಟ್‌ಜಿಪಿಟಿ ಏಜೆಂಟ್ ಒಳಗೇ ಸೇರಿಸಿದ್ರು, ಅಕ್ಟೋಬರ್‌ಗೆ ಗೂಗಲ್ ಜೆಮಿನಿ 2.5 ಕಂಪ್ಯೂಟರ್ ಯೂಸ್ ಬಿಡ್ತು. ಏಜೆಂಟ್ ಅಂತ ಕರೆಯೋ ಇವು ಗೊತ್ತಿಲ್ಲದ್ದು ಬಂದ್ರೆ ನಿಲ್ಲಲ್ಲ, ನೋಡಿ, ಅಂದಾಜು ಮಾಡಿ, ಮುಂದಕ್ಕೆ ಹೋಗ್ತವೆ. ಎಷ್ಟೋ ವರ್ಷದಿಂದ ನಾವು ಆಗಲ್ಲ ಅಂತ ಕೈಬಿಟ್ಟಿದ್ದನ್ನ ಇವು ಮಾಡ್ತಿವೆ, ಅದರ ಬಗ್ಗೆ ನನಗೆ ನಿಜವಾಗ್ಲೂ ಬೆರಗಿದೆ. ಆದ್ರೆ ನಾನು ಇಲ್ಲಿ ಬರೀಬೇಕು ಅಂದ್ಕೊಂಡಿರೋದು ಆ ಬೆರಗಿನ ಬಗ್ಗೆ ಅಲ್ಲ, ಆ ಕ್ಲಿಕ್ ಯಾರ ಹೆಸರಲ್ಲಿ ಬೀಳ್ತಿದೆ ಅನ್ನೋದರ ಬಗ್ಗೆ.

ಮೊದಲು ಇದು ಒಳಗೆ ಹೇಗೆ ನಡಿಯುತ್ತೆ ಹೇಳ್ತೀನಿ, ಯಾಕಂದ್ರೆ ಸುಮಾರು ಜನ ಇದೇನೋ ನಮ್ಮ ಕಂಪ್ಯೂಟರ್ ಒಳಗೆ ಬಂದು ಕೂತ್ಕೊಂಡು ಸ್ಕ್ರೀನನ್ನ ಸದಾ ನೋಡ್ತಿರುತ್ತೆ ಅಂದ್ಕೊಂಡಿದಾರೆ. ಹಾಗಲ್ಲ. ಮಾಡೆಲ್, ಅಂದ್ರೆ ಯೋಚನೆ ಮಾಡೋ ಎಐ, ಎಲ್ಲೋ ದೂರದ ಸರ್ವರ್‌ನಲ್ಲಿದೆ, ಅದು ಯಾವ ಮೌಸನ್ನೂ ಮುಟ್ಟಲ್ಲ. ನಮ್ಮದೇ ಕಂಪ್ಯೂಟರಲ್ಲಿ ಬಳಸುವಾಗ ನಮ್ಮ ಕಡೆ ಒಂದು ಚಿಕ್ಕ ಪ್ರೋಗ್ರಾಂ ಓಡ್ತಿರುತ್ತೆ, ಅದು ಸ್ಕ್ರೀನ್‌ಶಾಟ್ ತೆಗೆದು ಕಳಿಸುತ್ತೆ, ಮಾಡೆಲ್ ಆ ಚಿತ್ರ ನೋಡಿ ‘ಎಡ ಕ್ಲಿಕ್, ಅಡ್ಡಕ್ಕೆ 512, ಕೆಳಕ್ಕೆ 384’ ಅಂತ ಬರೆದು ವಾಪಸ್ ಕಳಿಸುತ್ತೆ, ಈ ಕಡೆ ಪ್ರೋಗ್ರಾಂ ಆ ಜಾಗಕ್ಕೆ ಕರ್ಸರ್ ಒಯ್ದು ಒತ್ತಿ, ಮತ್ತೊಂದು ಸ್ಕ್ರೀನ್‌ಶಾಟ್ ತೆಗೆದು ಕಳಿಸುತ್ತೆ. ಅಷ್ಟೇ, ಕೆಲಸ ಮುಗಿಯೋವರೆಗೂ ಇದೇ ಸುತ್ತು. ಆಂಥ್ರೊಪಿಕ್ ಮೊದಲು ಕೊಟ್ಟ ಮಾದರಿ ಕೋಡ್‌ನಲ್ಲಿ ಡಾಕರ್ ಅನ್ನೋ ಪ್ರತ್ಯೇಕ ಪೆಟ್ಟಿಗೆಯಂಥ ವ್ಯವಸ್ಥೆ ಒಳಗೆ ಒಂದು ಲಿನಕ್ಸ್ ಡೆಸ್ಕ್‌ಟಾಪ್ ಇಟ್ಟು ಅದೇ ಹಳೇ ಎಕ್ಸ್‌ಡೂಟೂಲ್ ಕೈಲೇ ಕ್ಲಿಕ್ ಮಾಡಿಸಿದ್ರು, ಅಂದ್ರೆ ಒತ್ತೋ ಕೈ ಹಳೇದೇ, ಹೇಳೋ ಬಾಯಿ ಮಾತ್ರ ಹೊಸದು. ಪಿಕ್ಸೆಲ್, ಅಂದ್ರೆ ಸ್ಕ್ರೀನಿನ ಚುಕ್ಕಿ, ಎಣಿಸೋದನ್ನ ಮಾಡೆಲ್‌ಗೆ ಪ್ರತ್ಯೇಕವಾಗಿ ಕಲಿಸಬೇಕಾಯ್ತು ಅಂತ ಅವರೇ ಬರ್ಕೊಂಡಿದ್ರು. ಚಿತ್ರ 1024×768 ಸೈಜಲ್ಲಿ ಇದ್ರೆ ಒಳ್ಳೇದು ಅನ್ನೋದು ಆಗಿನ ಶಿಫಾರಸು, ನಿಮ್ಮ ಸ್ಕ್ರೀನ್ ಅದಕ್ಕಿಂತ ದೊಡ್ಡದಿದ್ರೆ ಕುಗ್ಗಿಸಿ ಕಳಿಸಬೇಕು, ಬಂದ ಅಂಕಿಯನ್ನ ಮತ್ತೆ ಹಿಗ್ಗಿಸಬೇಕು. ಈ ಕುಗ್ಗಿಸೋ ಹಿಗ್ಗಿಸೋ ಆಟದಲ್ಲಿ ಚಿಕ್ಕ ಚೆಕ್‌ಬಾಕ್ಸ್‌ಗಳು ತಪ್ಪಿಹೋಗೋದುಂಟು.

ಇದರಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಎರಡು ಸ್ಕ್ರೀನ್‌ಶಾಟ್ ಮಧ್ಯೆ ಏನಾಗುತ್ತೆ ಅಂತ ಅದಕ್ಕೆ ಕಾಣಲ್ಲ. ಫೋಟೋ ತೆಗೆದಾಗ ಆ ಜಾಗದಲ್ಲಿ ‘ರದ್ದು ಮಾಡಿ’ ಇತ್ತು, ಮಾಡೆಲ್ ಯೋಚನೆ ಮಾಡಿ ಉತ್ತರ ಕಳಿಸೋ ಕೆಲವು ಸೆಕೆಂಡಲ್ಲಿ ಮೇಲೊಂದು ಜಾಹೀರಾತು ಲೋಡ್ ಆಗಿ ಪೇಜ್ ಪೂರ್ತಿ ಕೆಳಕ್ಕೆ ಜರುಗಿ ಅದೇ ಜಾಗಕ್ಕೆ ‘ಸಲ್ಲಿಸಿ’ ಬಂದು ಕೂತಿರುತ್ತೆ. ಕ್ಲಿಕ್ ಬೀಳೋದು ಅಂಕಿಗೆ, ಅಲ್ಲಿರೋ ಪದಕ್ಕಲ್ಲ. ನಮಗೂ ಮೊಬೈಲಲ್ಲಿ ಹೀಗಾಗುತ್ತೆ, ಆದ್ರೆ ನಮ್ಮ ಬೆರಳು ಒತ್ತೋ ಕ್ಷಣದಲ್ಲೂ ಕಣ್ಣು ಅಲ್ಲೇ ಇರುತ್ತೆ, ಎಷ್ಟೋ ಸಲ ತಡೆದುಬಿಡ್ತೀವಿ. ಚಿತ್ರದ ಬದಲು ಪೇಜಿನ ಒಳಗಿನ ರಚನೆ ಓದಿ ‘ಈ ಹೆಸರಿನ ಬಟನ್’ ಅಂತ ಗುರುತಿಸಿ ಒತ್ತೋ ದಾರಿನೂ ಇದೆ, ಅದು ಎಷ್ಟೋ ಗಟ್ಟಿ, ಅದರ ವಿಷಯಕ್ಕೆ ಆಮೇಲೆ ಬರ್ತೀನಿ.

ಎಷ್ಟು ಚೆನ್ನಾಗಿ ಮಾಡ್ತವೆ ಅನ್ನೋದಕ್ಕೆ ಎಲ್ಲರೂ ತೋರಿಸೋ ಪರೀಕ್ಷೆ ಓಎಸ್‌ವರ್ಲ್ಡ್, 369 ಕೆಲಸ, ಸಾಮಾನ್ಯವಾಗಿ ನಾವು ಆಫೀಸಲ್ಲಿ ಮಾಡೋ ಥರದ್ದೇ. ಅದರಲ್ಲಿ ಮನುಷ್ಯರಿಗೆ ಸುಮಾರು 72 ಪರ್ಸೆಂಟ್ ಬಂದಿತ್ತು, 2024ರಲ್ಲಿ ಕ್ಲಾಡ್‌ಗೆ 14.9, ಆಪರೇಟರ್ ಹಿಂದಿನ ಮಾಡೆಲ್‌ಗೆ 38.1, 2025ರ ಸೆಪ್ಟೆಂಬರ್‌ನಲ್ಲಿ ಬಂದ ಕ್ಲಾಡ್ ಸಾನೆಟ್ 4.5ಗೆ 61.4. ಒಂದು ವರ್ಷದೊಳಗೆ ಇಷ್ಟು ಏರಿದೆ ಅಂದ್ರೆ ಇದು ಬರೀ ಡೆಮೋ ಅಂತ ತಳ್ಳಿಹಾಕೋ ಕಾಲ ಮುಗೀತು. ಆದ್ರೆ ಟೆಸ್ಟಿಂಗ್‌ನೋನಾಗಿ ನನಗೆ ಕಾಣೋ ಕೊರತೆ ಏನಂದ್ರೆ, ಅದು ಕೊನೆಗೆ ಫೈಲ್ ಸರಿಯಾಗಿ ಬಂತಾ, ಸೆಟ್ಟಿಂಗ್ ಬದಲಾಯ್ತಾ ಅಂತ ನೋಡುತ್ತೆ, ದಾರಿಯಲ್ಲಿ ಏನೇನು ಮುಟ್ಟಿತು ಅಂತ ಕೇಳಲ್ಲ. ಆಂಥ್ರೊಪಿಕ್‌ನೋರೇ ಡೆಮೋ ರೆಕಾರ್ಡ್ ಮಾಡುವಾಗ ಕ್ಲಾಡ್ ಒಂದು ಸಲ ಕೋಡಿಂಗ್ ಕೆಲಸ ಬಿಟ್ಟು ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕ್ ಫೋಟೋ ನೋಡ್ತಾ ಕೂತಿತ್ತಂತೆ, ಇನ್ನೊಂದು ಸಲ ಗೊತ್ತಿಲ್ಲದೇ ಎಲ್ಲೋ ಕ್ಲಿಕ್ ಮಾಡಿ ಅಲ್ಲಿತನಕ ಆಗಿದ್ದ ಸ್ಕ್ರೀನ್ ರೆಕಾರ್ಡಿಂಗನ್ನೇ ನಿಲ್ಲಿಸಿ ಕಳೆದುಬಿಟ್ಟಿತ್ತಂತೆ. ಅವರು ಅದನ್ನ ಮುಚ್ಚಿಡದೇ ಹೇಳಿದ್ರು, ಅದು ಒಳ್ಳೇದು.

ನನಗೆ ಇದು ಕನ್ನಡದ ಕೆಲಸಕ್ಕೆ ಎಷ್ಟು ಬರುತ್ತೆ ಅಂತ ನೋಡಬೇಕಿತ್ತು. ನಮ್ಮೂರ ಹಾಲಿನ ಡೈರಿದು ಸದಸ್ಯರ ಪಟ್ಟಿ, ಹೆಸರು, ತಂದೆ ಹೆಸರು, ಸದಸ್ಯ ಸಂಖ್ಯೆ, ಷೇರು ಹಣ, ಎಲ್ಲಾ ನುಡಿ ಫಾಂಟಲ್ಲಿ ಟೈಪ್ ಮಾಡಿಟ್ಟಿರೋ ಹಳೇ ವರ್ಡ್ ಫೈಲು. ಅದನ್ನ ಎಲ್ಲಾ ಕಂಪ್ಯೂಟರಲ್ಲೂ ಕನ್ನಡವಾಗೇ ಉಳಿಯೋ ಯೂನಿಕೋಡ್‌ನಲ್ಲಿ ಎಕ್ಸೆಲ್‌ಗೆ ತರಬೇಕು. ಹಳೇ ನುಡಿ, ಬರಹದಲ್ಲಿ ಟೈಪ್ ಮಾಡಿರೋದು ಎಂಥದು ಅಂತ ಕನ್ನಡದಲ್ಲಿ ಕೆಲಸ ಮಾಡಿದೋರಿಗೆಲ್ಲ ಗೊತ್ತು, ಕಣ್ಣಿಗೆ ಕಾಣೋದು ಕನ್ನಡ, ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದ್ರೆ ಇಂಗ್ಲಿಷ್ ಅಕ್ಷರ, ತಲೆ ಮೇಲೆ ಗೆರೆ ಹಾಕಿದ ಎ, ಪೌಂಡ್ ಚಿಹ್ನೆ. ನಮ್ಮ ಹಳೇ ಆಟೋಮೇಷನ್ ಟೂಲ್‌ಗಳು ಒಳಗಿನ ಟೆಕ್ಸ್ಟ್ ಓದೋವು, ಹಾಗಾಗಿ ಅವಕ್ಕೆ ಸಿಕ್ತಿದ್ದಿದ್ದು ಈ ಕಸ. ಏಜೆಂಟ್ ನೋಡೋದು ಚಿತ್ರ. ಚಿತ್ರದಲ್ಲಿ ಇರೋದು ಕನ್ನಡವೇ. ನುಡಿ ಫಾಂಟ್ ಹಾಕಿದ ವರ್ಚುಯಲ್ ಮಷೀನ್‌ನಲ್ಲಿ, ಅಂದ್ರೆ ಕಂಪ್ಯೂಟರ್ ಒಳಗೇ ಬೇರೆ ಕಂಪ್ಯೂಟರ್ ಥರ ಓಡೋದ್ರಲ್ಲಿ, ಲಿಬ್ರೆಆಫೀಸ್ ತೆರೆದು, ಫೈಲ್ ತೋರಿಸಿ, ಈ ಪಟ್ಟಿಯನ್ನ ಪಕ್ಕದ ಶೀಟ್‌ಗೆ ಸೇರಿಸು ಅಂದಾಗ ಅದು ‘ಸಿದ್ದಮ್ಮ ಕೋಂ ಕರಿಯಪ್ಪ’ ಅನ್ನೋದನ್ನ ಓದಿ, ಆ ಕೋಂ ಅಂದ್ರೆ ಗಂಡನ ಹೆಸರು ಅಂತ ಅರ್ಥ ಮಾಡ್ಕೊಂಡು ಸರಿಯಾದ ಕಾಲಂಗೇ ಹಾಕಿದ್ದು ನೋಡಿ ಬಹಳ ಖುಷಿಯಾಯ್ತು. ಎರಡು ದಶಕದಿಂದ ನಮ್ಮ ಫೈಲ್‌ಗಳು ಎನ್‌ಕೋಡಿಂಗ್ ಗೋಡೆ ಹಿಂದೆ ಬಿದ್ದಿವೆ, ಪಂಚಾಯ್ತಿ ಕಂಪ್ಯೂಟರ್‌ನಲ್ಲಿ, ಸಂಘಗಳಲ್ಲಿ, ಪ್ರೆಸ್‌ಗಳಲ್ಲಿ, ಆ ಗೋಡೆನ ಕಣ್ಣಿಂದ ನೋಡೋ ಯಂತ್ರ ಸುಮ್ನೆ ದಾಟಿಬಿಡ್ತು.

ಆದ್ರೆ ಟೈಪ್ ಮಾಡೋಕೆ ಹೋದಾಗ ಎಡವೋದು ಶುರು. ಪೈಆಟೋಗೂಯಿದು ಟೈಪಿಂಗ್ ಫಂಕ್ಷನ್ ಕೀಬೋರ್ಡ್ ಮೇಲಿರೋ ಕೀಗಳನ್ನ ಒತ್ತುತ್ತೆ ಅಷ್ಟೇ, ಕನ್ನಡ ಅಕ್ಷರ ಕೊಟ್ರೆ ಎರರ್ ಕೂಡ ಹೇಳದೇ ಬಿಟ್ಟುಹೋಗುತ್ತೆ, ಸೆಲ್ ಖಾಲಿ. ಎಕ್ಸ್‌ಡೂಟೂಲ್ ಒಂದೊಂದು ಅಕ್ಷರಕ್ಕೂ ಕೀಬೋರ್ಡ್ ಜೋಡಣೆಯನ್ನೇ ತಾತ್ಕಾಲಿಕವಾಗಿ ಬದಲಾಯಿಸಿ ಒತ್ತೋ ಸಾಹಸ ಮಾಡುತ್ತೆ, ಸ್ಪೀಡ್ ಜಾಸ್ತಿ ಆದ್ರೆ ಒತ್ತಕ್ಷರ ಎಲ್ಲೋ ಒಂದು ಬಿದ್ದುಹೋಗಿರುತ್ತೆ. ನಮ್ಮಲ್ಲಿ ಎಲ್ಲರೂ ಮಾಡೋದು ಕ್ಲಿಪ್‌ಬೋರ್ಡ್‌ಗೆ ಹಾಕಿ ಕಂಟ್ರೋಲ್ ವಿ ಒತ್ತಿಸೋದು, ಅದು ಕೆಲಸ ಮಾಡುತ್ತೆ. ಇದಕ್ಕಿಂತ ದೊಡ್ಡ ತೊಂದರೆ ಓದೋದ್ರಲ್ಲೇ ಇತ್ತು, ಅದು ತಕ್ಷಣಕ್ಕೆ ಕಾಣಲ್ಲ. ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ, ಇವುಗಳ ಮಧ್ಯೆ ಇರೋದು ಕೆಳಗಿನ ಒಂದು ಸಣ್ಣ ಸೀಳು. ಚಿತ್ರ ಕುಗ್ಗಿಸಿದಾಗ ಮೊದಲು ಮಾಯ ಆಗೋದು ಅದೇ. ಧರಣೇಂದ್ರ ಹೋಗಿ ದರಣೇಂದ್ರ ಆಗ್ತಾನೆ, ಭೀಮಣ್ಣ ಬೀಮಣ್ಣ. ಕನ್ನಡ ಅಂಕಿ ಇರೋ ಸಾಲಲ್ಲಿ ೬ಕ್ಕೂ ೯ಕ್ಕೂ ಅದಲು ಬದಲು. ಇಂಗ್ಲಿಷ್ ಫಾರ್ಮಲ್ಲಿ ಒಂದು ಅಕ್ಷರ ತಪ್ಪಾದ್ರೆ ಪದ ಕೆಟ್ಟು ಕಣ್ಣಿಗೆ ಹೊಡಿಯುತ್ತೆ, ಇಲ್ಲಿ ತಪ್ಪಾದ ಹೆಸರೂ ನೋಡೋಕೆ ಹೆಸರಿನ ಥರಾನೇ ಇರುತ್ತೆ, ಅಂಕಿಯಂತೂ ಸರಿನೇ ಅನ್ಸುತ್ತೆ. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು ಹೆಸರು ಅಂತ ತಾಲ್ಲೂಕು ಆಫೀಸಿಗೆ ಅಲೆದಿರೋ ಯಾರನ್ನಾದ್ರೂ ಕೇಳಿ, ಒಂದು ಸೀಳಿನ ಬೆಲೆ ಏನು ಅಂತ ಅವರು ಹೇಳ್ತಾರೆ. ಈ ಪಟ್ಟಿ ಕೆಲಸಕ್ಕೆ ಆಸ್ಕಿಯಿಂದ, ಅಂದ್ರೆ ಹಳೇ ನುಡಿ ಥರದ್ದರಿಂದ, ಯೂನಿಕೋಡ್‌ಗೆ ಮಾಡೋ ಕನ್ವರ್ಟರ್ರೇ ಸರಿ, ಅದು ಅಕ್ಷರದ ಕೋಡ್ ನೋಡಿ ಬದಲಾಯಿಸುತ್ತೆ, ಕಣ್ಣಂದಾಜು ಮಾಡಲ್ಲ. ಏಜೆಂಟ್ ಬೇಕಾಗೋದು ಕನ್ವರ್ಟರ್ ಮುಟ್ಟೋಕಾಗದ ಜಾಗಕ್ಕೆ, ಸ್ಕ್ಯಾನ್ ಮಾಡಿದ ಹಾಳೆ, ಟೆಕ್ಸ್ಟ್ ಆರಿಸೋಕೆ ಬಿಡದ ಹಳೇ ಸಾಫ್ಟ್‌ವೇರ್ ಕಿಟಕಿ, ಅಂಥದ್ದಕ್ಕೆ.

ಈಗ ಕ್ಲಿಕ್ ವಿಷಯ. ವೆಬ್ ಬಗ್ಗೆ ಸ್ವಲ್ಪ ಗೊತ್ತಿರೋರಿಗೆ, ಬ್ರೌಸರ್‌ನಲ್ಲಿ ಪ್ರತಿ ಕ್ಲಿಕ್‌ಗೂ ‘ಇಸ್‌ಟ್ರಸ್ಟೆಡ್’ ಅಂತ ಒಂದು ಗುರುತು ಇರುತ್ತೆ ಅಂತ ಗೊತ್ತಿರುತ್ತೆ. ಪೇಜಿನ ಒಳಗಿನ ಜಾವಾಸ್ಕ್ರಿಪ್ಟ್ ತಾನೇ ಹುಟ್ಟಿಸಿದ ಕ್ಲಿಕ್ ಆದ್ರೆ ಅದು ಸುಳ್ಳು, ನಿಜವಾದ ಮೌಸ್‌ನಿಂದ ಬಂದಿದ್ರೆ ನಿಜ. ಎಕ್ಸ್‌ಡೂಟೂಲ್ ಥರದ್ದು ಆಪರೇಟಿಂಗ್ ಸಿಸ್ಟಂ ಮಟ್ಟದಲ್ಲೇ ಒತ್ತೋದ್ರಿಂದ ಬ್ರೌಸರ್ ಅದನ್ನ ನಿಜ ಅಂತಲೇ ದಾಖಲಿಸುತ್ತೆ. ಆಚೆ ಸರ್ವರ್‌ಗೆ ಹೋಗೋದಂತೂ ಬರೀ ರಿಕ್ವೆಸ್ಟ್, ಲಾಗಿನ್ ಆಗಿರೋದು ನೀವು, ಬ್ರೌಸರ್ ತೋರಿಸೋ ಗುರುತಿನ ಕುಕಿ ನಿಮ್ಮದು, ನಿಮ್ಮದೇ ಕಂಪ್ಯೂಟರಾದ್ರೆ ಐಪಿ ವಿಳಾಸವೂ ನಿಮ್ಮದು. ನಾಳೆ ಏನಾದ್ರೂ ತಕರಾರು ಬಂದು ಲಾಗ್, ಅಂದ್ರೆ ಸರ್ವರ್ ದಾಖಲೆ, ತೆಗೆಸಿ ನೋಡಿದ್ರೆ ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ನೀವೇ ಒಪ್ಪಿಗೆ ಕೊಟ್ಟಿದೀರಿ ಅಂತ ಇರುತ್ತೆ.

ಬೆಂಗಳೂರಲ್ಲಿ ಸೈಟ್ ವ್ಯವಹಾರ ನೋಡಿದೋರಿಗೆ ಜಿಪಿಎ, ಜನರಲ್ ಪವರ್ ಆಫ್ ಅಟಾರ್ನಿ, ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ನಾನು ಊರಲ್ಲಿಲ್ಲ, ನನ್ನ ಪರವಾಗಿ ಇವನು ಏನು ಸಹಿ ಹಾಕಿದ್ರೂ ನಾನೇ ಹಾಕಿದ ಹಾಗೆ ಅಂತ ಬರ್ಕೊಡೋದು. ಲಾಗಿನ್ ಆಗಿರೋ ಕಂಪ್ಯೂಟರ್‌ನ ಮೌಸ್ ಏಜೆಂಟ್‌ಗೆ ಕೊಡೋದು ಅಂದ್ರೆ ಹೆಚ್ಚುಕಮ್ಮಿ ಜಿಪಿಎ ಬರ್ಕೊಟ್ಟ ಹಾಗೇ, ಅದೂ ಪತ್ರ ಇಲ್ಲದೇ, ಸಾಕ್ಷಿ ಇಲ್ಲದೇ, ಯಾವ ಸರ್ವೆ ನಂಬರ್‌ಗೆ ಅಂತ ಬರೀದೇ. ಜಿಪಿಎಯನ್ನ ರದ್ದು ಮಾಡಬಹುದು, ಆದ್ರೆ ರದ್ದಾಗೋಕೆ ಮುಂಚೆ ಅದರ ಮೇಲೆ ಆದ ಕೆಲಸಕ್ಕೆ ನೀವೇ ಜವಾಬ್ದಾರರು. ಅನುಭವಸ್ಥರು ಅದಕ್ಕೇ ಜನರಲ್ ಬೇಡ, ಸ್ಪೆಷಲ್ ಕೊಡಿ ಅಂತಾರೆ, ಇಂಥ ಒಂದೇ ಕೆಲಸಕ್ಕೆ, ಇಂಥ ಆಫೀಸಲ್ಲಿ, ಅದು ಮುಗಿದ್ರೆ ಅಧಿಕಾರವೂ ಮುಗೀತು. ನಾನು ಇಷ್ಟು ಉದ್ದ ಬರೀತಿರೋದು ಈ ಒಂದು ಮಾತಿಗೆ. ಈಗಿನ ಏಜೆಂಟ್ ಟೂಲ್‌ಗಳಲ್ಲಿ ಬಹಳಷ್ಟು ಜನರಲ್ ಕೇಳ್ತವೆ, ಪೂರ್ತಿ ಸ್ಕ್ರೀನು, ಪೂರ್ತಿ ಬ್ರೌಸರು, ತೆರೆದಿರೋ ಎಲ್ಲಾ ಟ್ಯಾಬು. ಬೇಕಾಗಿರೋದು ಸ್ಪೆಷಲ್, ಈ ಒಂದು ವಿಂಡೋ, ಈ ಒಂದು ಸೈಟು, ಈ ಬಟನ್ ಬಂದ್ರೆ ನಿಲ್ಲು. ಇದು ಟೆಕ್ನಿಕಲ್ ಆಗಿ ಕಷ್ಟ ಅಲ್ಲ, ಆದ್ರೆ ಬಳಸೋಕೆ ಸ್ವಲ್ಪ ಕಿರಿಕಿರಿ, ಕಿರಿಕಿರಿ ಅಂದ್ರೆ ಪ್ರಾಡಕ್ಟ್ ಮಾಡೋರಿಗೆ ಆಗಲ್ಲ.

ಯಾರದೋ ಕೈಗೆ ಮೌಸ್ ಕೊಡೋದು ನಮ್ಮ ಜನಕ್ಕೆ ಹೊಸದಾ? ಅಲ್ಲವೇ ಅಲ್ಲ. 2023ರಲ್ಲಿ ಗೃಹಲಕ್ಷ್ಮಿ ನೋಂದಣಿ ನಡೀತಿದ್ದಾಗ ಗ್ರಾಮ ಒನ್ ಮುಂದೆ ಹೆಂಗಸರು ರೇಷನ್ ಕಾರ್ಡು, ಆಧಾರು, ಪಾಸ್‌ಬುಕ್ಕು ಹಿಡ್ಕೊಂಡು ಸಾಲಲ್ಲಿ ನಿಂತಿದ್ದು ಎಲ್ಲರೂ ನೋಡಿದಾರೆ. ಒಳಗೆ ಕೂತಿರೋ ಹುಡುಗ ಫಾರ್ಮ್ ತುಂಬ್ತಾನೆ, ಮೊಬೈಲ್‌ಗೆ ಬಂದ ಓಟಿಪಿ ಹೇಳಿ ಅಕ್ಕ ಅಂತಾನೆ, ಅಕ್ಕ ಫೋನೇ ಅವನ ಕೈಗೆ ಕೊಡ್ತಾಳೆ. ಪಹಣಿ ತೆಗೆಸೋದು, ಜಾತಿ ಆದಾಯ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಅರ್ಜಿ, ಪಿಎಂ ಕಿಸಾನ್ ಇ-ಕೆವೈಸಿ, ಊರ ಕಡೆ ಎಲ್ಲಾ ಆಗೋದು ಸೈಬರ್ ಸೆಂಟರ್‌ನೋನ ಬೆರಳಲ್ಲೇ. ಭೂಮಿ ಯೋಜನೆ ಬಂದು, ಸೇವಾ ಸಿಂಧು ಬಂದು, ಎಲ್ಲಾ ಆನ್‌ಲೈನ್ ಆಯ್ತು ಅಂತ ನಾವು ಹೇಳ್ಕೋತೀವಿ, ಆದ್ರೆ ಆ ಆನ್‌ಲೈನ್‌ನ ಕೊನೇ ಒಂದು ಅಡಿ ಯಾವಾಗ್ಲೂ ಇನ್ನೊಬ್ಬ ಮನುಷ್ಯನ ಕೈ.

ಹಾಗಾದ್ರೆ ಏಜೆಂಟ್ ಬಂದ್ರೆ ಏನು ವ್ಯತ್ಯಾಸ ಅಂತ ಕೇಳಬಹುದು, ನಾನೂ ಕೇಳ್ಕೊಂಡಿದೀನಿ. ಒಂದು ಕಡೆ ಒಳ್ಳೇದೇ. ಅರ್ಜಿಗೆ ಇಷ್ಟು ಅಂತ ಬೋರ್ಡ್ ಇದ್ರೂ ಜಾಸ್ತಿ ಕೇಳೋದು ತಪ್ಪುತ್ತೆ, ದಿನದ ಕೂಲಿ ಬಿಟ್ಟು ಹೋಬಳಿಗೆ ಬರೋದು ತಪ್ಪುತ್ತೆ, ಮನೆ ವಿಷಯ ಊರಿಗೆಲ್ಲಾ ಗೊತ್ತಾಗೋದು ತಪ್ಪುತ್ತೆ. ಫೋನ್‌ಗೆ ಕನ್ನಡದಲ್ಲಿ ಮಾತಾಡಿ ‘ನನ್ನ ಪಹಣಿಯಲ್ಲಿ ಹೆಸರು ತಪ್ಪಿದೆ, ತಿದ್ದುಪಡಿಗೆ ಅರ್ಜಿ ಹಾಕು’ ಅಂತ ಹೇಳಿ ಆಗೋ ಹಾಗಿದ್ರೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಆದ್ರೆ ಆ ಗ್ರಾಮ ಒನ್ ಹುಡುಗ ಊರಲ್ಲೇ ಇರ್ತಾನೆ. ಅರ್ಜಿ ತಿರಸ್ಕಾರ ಆದ್ರೆ ಅವನ ಅಂಗಡಿ ಮುಂದೆ ಹೋಗಿ ಏನಪ್ಪಾ ಏನು ತುಂಬಿದ್ದೆ ಅಂತ ಕೇಳಬಹುದು, ಅವನಪ್ಪ ಯಾರು ಅಂತ ಗೊತ್ತಿರುತ್ತೆ. ಅವನೂ ತುಂಬುವಾಗ ಅನುಮಾನ ಬಂದ್ರೆ ತಲೆ ಎತ್ತಿ ಕೇಳ್ತಾನೆ, ಅಕ್ಕ ನಿಮ್ಮ ಯಜಮಾನ್ರ ಹೆಸರು ರೇಷನ್ ಕಾರ್ಡಲ್ಲಿ ಬೇರೆ ಇದೆಯಲ್ಲಾ, ಯಾವುದು ಹಾಕ್ಲಿ? ಈ ತಲೆ ಎತ್ತಿ ಕೇಳೋದು ಇದೆಯಲ್ಲ, ಏಜೆಂಟ್‌ಗೆ ಮೊದಲು ಕಲಿಸಬೇಕಾದ್ದು ಅದನ್ನ ಅಂತ ನನ್ನ ಅಭಿಪ್ರಾಯ. ಈಗಿನವು ಕೇಳ್ತವೆ, ಇಲ್ಲ ಅಂತಲ್ಲ, ಆಪರೇಟರ್ ಬಂದಾಗಿನಿಂದ ಪಾಸ್‌ವರ್ಡ್ ಹಾಕೋ ಜಾಗ, ದುಡ್ಡು ಕಟ್ಟೋ ಜಾಗ ಬಂದ್ರೆ ನೀವೇ ಮಾಡಿ ಅಂತ ಮೌಸ್ ವಾಪಸ್ ಕೊಡೋ ವ್ಯವಸ್ಥೆ ಇದೆ. ದುಡ್ಡಿನ ಹತ್ತಿರ ನಿಲ್ಲೋದು ಸುಲಭ, ಅದು ಎಲ್ಲರಿಗೂ ಅಪಾಯ ಅಂತ ಕಾಣೋ ಜಾಗ. ತಂದೆ ಹೆಸರಿನ ಜಾಗದಲ್ಲಿ ಗಂಡನ ಹೆಸರು ಹಾಕಿದ್ರೆ ಆಗೋ ಅಪಾಯ ಅಮೆರಿಕದಲ್ಲಿ ಕೂತು ಪ್ರಾಡಕ್ಟ್ ಮಾಡಿದೋರ ಪಟ್ಟಿಯಲ್ಲಿ ಇರಲ್ಲ, ಅದನ್ನ ಸೇರಿಸಬೇಕಾದೋರು ನಾವು.

ಓಟಿಪಿ ಇದೆಯಲ್ಲ, ಅದು ಕಾಪಾಡುತ್ತೆ ಅಂತ ಸುಮಾರು ಜನ ಹೇಳ್ತಾರೆ. ನಮ್ಮ ದೇಶದಲ್ಲಿ ಆನ್‌ಲೈನ್ ಕಾರ್ಡ್ ವ್ಯವಹಾರಕ್ಕೆ ಎರಡನೇ ದೃಢೀಕರಣ ಬೇಕೇ ಬೇಕು ಅಂತ ರಿಸರ್ವ್ ಬ್ಯಾಂಕ್ 2009ರಲ್ಲೇ ಜಾರಿಗೆ ತಂತು, ಅದು ನಿಜವಾಗ್ಲೂ ನಮ್ಮನ್ನ ಎಷ್ಟೋ ಸಲ ಕಾಪಾಡಿದೆ. ಆದ್ರೆ ಅದರ ಬಲ ಇರೋದು ಓಟಿಪಿ ಬೇರೆ ಯಂತ್ರಕ್ಕೆ ಬರುತ್ತೆ ಅನ್ನೋದ್ರಲ್ಲಿ. ನಿಮ್ಮ ಫೋನ್ ಮೆಸೇಜ್‌ಗಳು ಲ್ಯಾಪ್‌ಟಾಪ್‌ನಲ್ಲೂ ಕಾಣೋ ಹಾಗೆ ಜೋಡಿಸಿಟ್ಟಿದ್ರೆ, ಇನ್ನೊಂದು ಟ್ಯಾಬಲ್ಲಿ ಮೆಸೇಜಸ್ ತೆರೆದಿದ್ರೆ, ಓಟಿಪಿ ಬರೋದು ಅದೇ ಸ್ಕ್ರೀನ್ ಮೂಲೆಗೆ, ಏಜೆಂಟ್ ಓದ್ತಿರೋ ಅದೇ ಸ್ಕ್ರೀನಿಗೆ. ಆಗ ಎರಡು ಬೀಗದ ಕೀನೂ ಒಂದೇ ಮೊಳೆಗೆ ನೇತುಹಾಕಿದ್ದಾಯ್ತು. ಮೌಸ್ ಕೊಡೋಕೆ ಮುಂಚೆ ಆ ಜೋಡಣೆ ತೆಗೀರಿ, ಇದನ್ನ ನಾನು ಎಲ್ಲರಿಗೂ ಹೇಳ್ತೀನಿ.

ಯಾಕಂದ್ರೆ ಏಜೆಂಟ್ ಕೆಟ್ಟದ್ದು ಅಂತಲ್ಲ, ಅದಕ್ಕೆ ಯಾರ ಮಾತು ಕೇಳಬೇಕು ಅನ್ನೋದು ಪೂರ್ತಿ ಗೊತ್ತಿಲ್ಲ. ನೀವು ಹೇಳಿದ್ದೂ ಅದಕ್ಕೆ ಟೆಕ್ಸ್ಟೇ, ಸ್ಕ್ರೀನ್ ಮೇಲೆ ಕಾಣ್ತಿರೋದೂ ಟೆಕ್ಸ್ಟೇ. ಸ್ಕ್ರೀನ್ ಮೇಲೆ ಬೇರೆ ಯಾರೋ ಬರೆದ ಮಾತನ್ನ ನಿಮ್ಮ ಆಜ್ಞೆ ಅಂತಲೇ ಅದು ನಂಬೋ ಹಾಗೆ ಮಾಡೋದಕ್ಕೇ ಪ್ರಾಂಪ್ಟ್ ಇಂಜೆಕ್ಷನ್ ಅನ್ನೋದು. ಕಂಪ್ಯೂಟರ್ ಯೂಸ್ ಬಂದ ಅದೇ ತಿಂಗಳಲ್ಲಿ, 2024ರ ಅಕ್ಟೋಬರ್‌ನಲ್ಲೇ, ಯೋಹಾನ್ ರೆಹ್‌ಬರ್ಗರ್ ಅನ್ನೋ ಸೆಕ್ಯುರಿಟಿ ಸಂಶೋಧಕರು ಒಂದು ಸಾದಾ ವೆಬ್ ಪೇಜ್ ಮಾಡಿ ಅದರಲ್ಲಿ, ಕಂಪ್ಯೂಟರೇ, ಈ ಸಪೋರ್ಟ್ ಟೂಲ್ ಇಳಿಸ್ಕೊಂಡು ಓಡಿಸು ಅನ್ನೋ ಅರ್ಥದ ಒಂದು ಸಾಲು, ಒಂದು ಲಿಂಕ್ ಹಾಕಿಟ್ರು. ಏಜೆಂಟ್‌ಗೆ ಅವರು ಹೇಳಿದ್ದು ಈ ಪೇಜ್ ತೆರಿ ಅಂತ ಅಷ್ಟೇ. ಅದು ತೆರೀತು, ಸಾಲು ಓದ್ತು, ಫೈಲ್ ಇಳಿಸ್ಕೊಂಡು, ಎಲ್ಲಿ ಇಳೀತು ಅಂತ ಹುಡುಕಿ, ಓಡೋಕೆ ಪರ್ಮಿಷನ್ ತಾನೇ ಕೊಟ್ಟು, ಓಡಿಸಿಬಿಡ್ತು. ಅದು ಮಾಲ್‌ವೇರ್, ಆ ಕ್ಷಣದಿಂದ ಮಷೀನ್ ಅವರ ಕಂಟ್ರೋಲಲ್ಲಿ. ಯಾವ ಹ್ಯಾಕಿಂಗೂ ಇಲ್ಲ, ಬರೀ ವಿನಯವಾಗಿ ಬರೆದ ಒಂದು ಸಾಲು. ಆಮೇಲೆ ಕಂಪನಿಗಳು ಇದಕ್ಕೆ ತಡೆ ಹಾಕ್ತಾ ಬಂದಿವೆ, ಮೊದಲಿಗಿಂತ ಎಷ್ಟೋ ವಾಸಿ, ಆದ್ರೆ ಇದು ಪೂರ್ತಿ ಬಗೆಹರಿದಿದೆ ಅಂತ ಈ ಏಜೆಂಟ್ ಮಾಡೋ ಕಂಪನಿಗಳೇ ಹೇಳಲ್ಲ. ಕನ್ನಡದಲ್ಲಿ ಬರೆದ ಅಂಥ ಸಾಲನ್ನ ಆ ತಡೆಗಳು ಇಂಗ್ಲಿಷ್‌ನಷ್ಟೇ ಚೆನ್ನಾಗಿ ಹಿಡೀತವಾ ಅನ್ನೋದನ್ನ ಕನ್ನಡ ಬಲ್ಲ ಟೆಸ್ಟರ್‌ಗಳೇ ಕೂತು ಪರೀಕ್ಷೆ ಮಾಡಬೇಕು, ಬೇರೆ ಯಾರೂ ನಮಗೋಸ್ಕರ ಮಾಡಲ್ಲ.

ಇಷ್ಟೆಲ್ಲಾ ಭಯ ಹೇಳಿದ ಮೇಲೂ ನಾನು ಇದರ ಪರ ಇರೋದಕ್ಕೆ ಒಂದು ಕಾರಣ ಇದೆ. ನನ್ನ ಸ್ನೇಹಿತನಿಗೆ ಕಣ್ಣು ಕಾಣಲ್ಲ, ಸ್ಕ್ರೀನ್ ಮೇಲಿರೋದನ್ನ ಓದಿ ಹೇಳೋ ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ ಹಾಕ್ಕೊಂಡು ಕಂಪ್ಯೂಟರ್ ಕೆಲಸ ಮಾಡ್ತಾನೆ, ನನಗಿಂತ ಸ್ಪೀಡಾಗಿ. ಎನ್‌ವಿಡಿಎ ಆಸ್ಟ್ರೇಲಿಯಾದ ಇಬ್ಬರು ಅಂಧ ಪ್ರೋಗ್ರಾಮರ್‌ಗಳು ಶುರು ಮಾಡಿದ್ದು, ಉಚಿತ, ಅದರ ಜೊತೆ ಬರೋ ಈಸ್ಪೀಕ್ ಅನ್ನೋ ಓದೋ ಧ್ವನಿಯಲ್ಲಿ ಕನ್ನಡವೂ ಇದೆ. ಅವನಿಗೆ ಮೌಸ್ ಅನ್ನೋದೇ ಗೋಡೆ. ಸರಿಯಾಗಿ ಮಾಡಿದ ಪೇಜಲ್ಲಿ ಟ್ಯಾಬ್ ಒತ್ತಿದ್ರೆ ‘ಅರ್ಜಿ ಸಲ್ಲಿಸಿ, ಬಟನ್’ ಅಂತ ಕೇಳುತ್ತೆ. ಸರಿ ಇಲ್ಲದ ಪೇಜಲ್ಲಿ ಬಟನ್, ಬಟನ್, ಗ್ರಾಫಿಕ್, ಬಟನ್, ಅಷ್ಟೇ. ಕ್ಯಾಲೆಂಡರಲ್ಲಿ ಹುಟ್ಟಿದ ತಾರೀಕು ಆರಿಸೋಕೆ ಮೌಸೇ ಬೇಕು ಅನ್ನೋ ಫಾರ್ಮ್‌ಗಳಲ್ಲಿ ಅವನು ಪಕ್ಕದೋರನ್ನ ಕರೀಬೇಕು, ಕರೆದೋರಿಗೆ ತನ್ನ ಅಕೌಂಟ್ ತೋರಿಸಬೇಕು. ಅಂಥ ಕಡೆ ಏಜೆಂಟ್ ಚಿತ್ರ ನೋಡಿ ತಾರೀಕು ಆರಿಸಿಕೊಟ್ಟಾಗ ಅವನು, ಲೇ ಇದು ನನಗೇ ಅಂತ ಮಾಡಿದ ಹಾಗಿದೆ ಕಣೋ ಅಂದ.

ಅವನೇ ಇನ್ನೊಂದೂ ಹೇಳಿದ. ನಿನಗಾದ್ರೆ ಅದು ಎಲ್ಲಿ ಒತ್ತುತ್ತೆ ಅಂತ ಕಾಣುತ್ತೆ, ತಡೀಬಹುದು, ನನಗೆ ಅದು ಬಾಯಿಬಿಟ್ಟು ಹೇಳಿದಷ್ಟೇ ಗೊತ್ತು, ಹೇಳದೇ ಒತ್ತಿದ್ದು ಗೊತ್ತೇ ಆಗಲ್ಲ. ಇದು ನನಗೆ ಹೊಳೆದಿರಲಿಲ್ಲ, ಅವತ್ತಿಂದ ತಲೆಯಲ್ಲಿ ಕೂತಿದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಕೆವೈಸಿಯಲ್ಲಿ ಕಣ್ಣು ಮಿಟುಕಿಸಿ ಅನ್ನೋ ಥರದ ಹಂತಗಳು ಆ್ಯಸಿಡ್ ದಾಳಿಗೆ ಒಳಗಾದೋರಿಗೆ, ಅಂಧರಿಗೆ ಆಗಲ್ಲ ಅನ್ನೋ ಅರ್ಜಿಗಳಲ್ಲಿ ತೀರ್ಪು ಕೊಟ್ಟು, ಡಿಜಿಟಲ್ ಸೇವೆ ಎಲ್ಲರ ಕೈಗೆ ಎಟುಕೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳ್ತು, 20 ನಿರ್ದೇಶನ ಕೊಟ್ತು. ನನ್ನ ಆತಂಕ ಏನಂದ್ರೆ, ಏಜೆಂಟ್ ಬಂತಲ್ಲ, ಇನ್ನು ಬಟನ್‌ಗೆ ಹೆಸರು ಹಾಕೋ ಕೆಲಸ ಯಾಕೆ, ಅದು ಹೇಗೋ ನೋಡ್ಕೊಳುತ್ತೆ ಅಂತ ವೆಬ್‌ಸೈಟ್ ಮಾಡೋರು ಕೈಬಿಡಬಾರದು. ನಿಜ ನೋಡಿದ್ರೆ ಉಲ್ಟಾ, ಓಪನ್‌ಎಐ 2025ರಲ್ಲಿ ಅಟ್ಲಾಸ್ ಬ್ರೌಸರ್ ಬಿಟ್ಟಾಗ ವೆಬ್‌ಸೈಟ್‌ನೋರಿಗೆ ಹೇಳಿದ್ದೇ ಏರಿಯಾ (ARIA) ಟ್ಯಾಗ್ ಹಾಕಿ, ಅದರಿಂದ ನಮ್ಮ ಏಜೆಂಟ್‌ಗೆ ನಿಮ್ಮ ಪೇಜ್ ಚೆನ್ನಾಗಿ ಅರ್ಥ ಆಗುತ್ತೆ ಅಂತ. ಏರಿಯಾ ಅಂದ್ರೆ ಸ್ಕ್ರೀನ್ ರೀಡರ್‌ಗೋಸ್ಕರ ಹುಟ್ಟಿದ ವ್ಯವಸ್ಥೆ. ಅಂಧರು ಇಷ್ಟು ವರ್ಷ ಕೇಳ್ಕೊಂಡಾಗ ಹಾಕದೇ ಇದ್ದ ಹೆಸರುಗಳನ್ನ ಈಗ ಏಜೆಂಟ್‌ಗೋಸ್ಕರ ಹಾಕ್ತಾರೆ ಅನ್ನೋದು ನನಗೆ ಸ್ವಲ್ಪ ನೋವಿನ ವಿಷಯ, ಆದ್ರೂ ಹಾಕ್ಲಿ. ಮೇಲೆ ಹೇಳ್ತೀನಿ ಅಂದಿದ್ದ ಎರಡನೇ ದಾರಿ ಇದೇ, ಬಟನ್‌ಗೆ ಹೆಸರಿದ್ರೆ ಕ್ಲಿಕ್ ಅಂಕಿಗೆ ಬೀಳಲ್ಲ, ಹೆಸರಿಗೆ ಬೀಳುತ್ತೆ, ಪೇಜ್ ಜರುಗಿದ್ರೂ ‘ರದ್ದು’ ಅನ್ನೋದು ರದ್ದೇ ಆಗಿರುತ್ತೆ.

ನಾನು ಬಳಸೋ ರೀತಿ ಹೇಳಿ ಮುಗಿಸ್ತೀನಿ. ಏಜೆಂಟ್‌ಗೆ ಪ್ರತ್ಯೇಕ ಯೂಸರ್ ಅಕೌಂಟ್, ಸಾಧ್ಯ ಆದ್ರೆ ವರ್ಚುಯಲ್ ಮಷೀನ್, ಆ ಬ್ರೌಸರಲ್ಲಿ ಯಾವ ಪಾಸ್‌ವರ್ಡೂ ಸೇವ್ ಆಗಿರಲ್ಲ, ಬ್ಯಾಂಕ್ ಸೈಟ್ ತೆರೆಯಲ್ಲ. ತುಂಬೋದು ಅದು, ಸಲ್ಲಿಸೋದು ನಾನು. ಪ್ರತಿ ಹೆಜ್ಜೆಯ ಸ್ಕ್ರೀನ್‌ಶಾಟ್ ಒಂದು ಫೋಲ್ಡರ್‌ಗೆ ಬೀಳೋ ಹಾಗೆ ಇಡ್ತೀನಿ, ಯಾಕಂದ್ರೆ ಸರ್ವರ್ ಕಡೆ ಲಾಗ್ ನನ್ನ ಹೆಸರೇ ಹೇಳುತ್ತೆ, ನನ್ನ ಕಡೆಯಾದ್ರೂ ಯಾರು ಒತ್ತಿದ್ದು ಅನ್ನೋ ದಾಖಲೆ ಇರ್ಲಿ. ಪೈಆಟೋಗೂಯಿ ಬರೆದ ಆಲ್ ಸ್ವೈಗಾರ್ಟ್ ಅದರಲ್ಲಿ ಒಂದು ವ್ಯವಸ್ಥೆ ಇಟ್ಟಿದಾರೆ, ಸ್ಕ್ರಿಪ್ಟ್ ಕೈಮೀರಿದ್ರೆ ಮೌಸನ್ನ ರಭಸವಾಗಿ ಸ್ಕ್ರೀನ್ ಮೂಲೆಗೆ ಎಳೀರಿ, ಎಲ್ಲಾ ನಿಲ್ಲುತ್ತೆ, ಹಾಗೆ ಎಳಿಯೋಕೆ ನಿಮಗೆ ಸಮಯ ಸಿಗಲಿ ಅಂತ ಪ್ರತಿ ಕ್ಲಿಕ್ ಆದ ಮೇಲೂ 0.1 ಸೆಕೆಂಡ್ ಬಿಡುವು. ಇಂಗ್ಲಿಷ್ ಬರದಿದ್ರೂ, ಯಾವ ಬಟನ್ ಎಲ್ಲಿದೆ ಅಂತ ಗೊತ್ತಿಲ್ಲದಿದ್ರೂ, ಗಾಬರಿಯಲ್ಲಿ ಯಾರು ಬೇಕಾದ್ರೂ ಮಾಡಬಹುದಾದ ಕೆಲಸ ಅದು. ಈಗಿನ ಏಜೆಂಟ್‌ಗಳಲ್ಲಿ ನಿಲ್ಲಿಸೋ ಬಟನ್ ಇದ್ರೂ ಅದು ಯಾವುದೋ ಚಾಟ್ ವಿಂಡೋದಲ್ಲಿರುತ್ತೆ, ಹುಡುಕೋಷ್ಟರಲ್ಲಿ ಇನ್ನೆರಡು ಕ್ಲಿಕ್ ಆಗಿರುತ್ತೆ.

ಕನ್ವರ್ಟರ್ ಸಾಕಾಗೋ ಕೆಲಸವೇ ಆದ್ರೂ, ಏಜೆಂಟ್‌ಗೆ ತಲೆ ಎತ್ತಿ ಕೇಳೋದು ಕಲಿಸೋ ಪ್ರಯೋಗಕ್ಕೆ ಡೈರಿ ಪಟ್ಟಿನೇ ಇಟ್ಕೊಂಡು ಈಗ ಒಂದು ಚಿಕ್ಕ ಸ್ಕ್ರಿಪ್ಟ್ ಬರೀತಿದೀನಿ, ದ-ಧ, ಪ-ಫ, ಬ-ಭ, ಡ-ಢ ಮತ್ತು ೬-೯ ಇರೋ ಸಾಲುಗಳನ್ನ ಮಾತ್ರ ಎತ್ತಿ, ಆ ಜಾಗದ ಚಿತ್ರವನ್ನ ಕುಗ್ಗಿಸದೇ ದೊಡ್ಡದು ಮಾಡಿ ಪಕ್ಕದಲ್ಲಿಟ್ಟು, ‘ಇಲ್ಲಿ ಭೀಮಣ್ಣ ಅಂತ ಓದಿದೀನಿ, ಸರಿನಾ?’ ಅಂತ ಕನ್ನಡದಲ್ಲಿ ಕೇಳೋದು. ಉತ್ತರ ಕೊಡೋರು ಡೈರಿ ಸೆಕ್ರೆಟರಿ, ಪಟ್ಟಿಯಲ್ಲಿರೋರೆಲ್ಲ ಅವರಿಗೆ ಮುಖಪರಿಚಯ. ಒಂದು ಸಾಲಿಗೆ ಸರಿ ಅಂದ ಮೇಲೆ ಮಾತ್ರ ಏಜೆಂಟ್ ಮುಂದಿನ ಸಾಲಿಗೆ ಹೋಗೋ ಹಾಗೆ ಮಾಡಿದೀನಿ, ನಿಧಾನ ಆಗುತ್ತೆ, ಅವರೇನೂ ಬೇಜಾರು ಮಾಡ್ಕೊಂಡಿಲ್ಲ.